ಬನಾನಾ ಬ್ರೆಡ್ ಮ್ಯಾಲ ಕರ್ರಗ, ನಡುವ ಹಸಿ ಆಗೂದು ಯಾಕ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾ ಹುಬ್ಬಳ್ಳಿ ವಿದ್ಯಾನಗರದಾಕಿ. ಮಗಳು ಐದನೇತ್ತ, ಮಗ ಎರಡನೇತ್ತ. ನಾಲ್ಕೂವರಿಗೆ ಸಾಲಿ ಬಿಟ್ಟು ಬಂದ ಕೂಡ್ಲೇ ಹಸಿವಿ ಹಸಿವಿ ಅಂತ ಒದರ್ತಾರ, ದಿನಾ ಬೇಕರಿ ಪಪ್ಸ್, ಕ್ರೀಮ್ ಬಿಸ್ಕೀಟು ಆಗೇತಿ. ಅದನ್ನ ಬಿಡಸ್ಬೇಕಂತ ಗೋಧಿಹಿಟ್ಟು, ಬೆಲ್ಲ ಹಾಕಿ, ತತ್ತಿ ಇಲ್ದ ಬನಾನಾ ಬ್ರೆಡ್ ಎರಡ ಸಲ ಮಾಡಿದೆ. ನಾಲ್ಕ ದೊಡ್ಡ ಬಾಳೆಹಣ್ಣು, ಒಂದೂವರಿ ವಾಟಗಾ ಹಿಟ್ಟು, ಎಲ್ಲಾ ಮಿಕ್ಸರಿಗೆ ಹಾಕಿ ತಿರುವಿದೆ, ಫ್ರೂಟ್ ಸಾಲ್ಟ್ ಹಾಕಿದೆ, ಆಮ್ಯಾಲ ಓವನ್ ಹಚ್ಚಿ 200 ಡಿಗ್ರಿದಾಗ ಅರ್ಧಾ ತಾಸು ಇಟ್ಟೆ. ಮ್ಯಾಲ ಕರ್ರಗ ಆತು, ನಡುವ ಹಸಿ, ಕೆಳಗ ರಬ್ಬರ್ ಗತೆ. ಮಗಳು ಒಂದ್ ತುತ್ತು ತಿಂದು ತಾಟು ಸರಸಿದ್ಲು. ಎಲ್ಲಿ ತಪ್ಪಾಗೇತಿ? ಇನ್ನೊಂದು, ನಮ್ಮ ನಾದಿನಿ ಗದಗದಾಗ ಇರ್ತಾಳ, ಅಕಿ ಕಡೆ ಓವನ್ ಇಲ್ಲ, ಕುಕ್ಕರಿನ್ಯಾಗ ಆಗ್ತೈತೇನ್ರಿ?

ಉತ್ತರ: ನೋಡ್ರಿ, ನಿಮ್ಮ ಕೈಯೂ ಕೆಟ್ಟಿಲ್ಲ, ಓವನ್ನೂ ಕೆಟ್ಟಿಲ್ಲ. ನಾ ಧಾರವಾಡದಾಗ ಮನಿಯೊಳಗ ಬೇಕಿಂಗ್ ಕಲಸಾಕ ಹತ್ತಿ 16 ವರ್ಷ ಆತು, ಕೇಕ್ ಚೊಲೋ ಮಾಡೋ ಹೆಣ್ಮಕ್ಕಳೂ ಬನಾನಾ ಬ್ರೆಡ್ ಅಂದ್ರ ನಮಗ ಬರಂಗಿಲ್ರಿ ಅಂತಾರ, ಕೂಡಿಸ್ಕೊಂಡು ಏನೇನ್ ಹಾಕಿದ್ರಿ ಅಂತ ಕೇಳಿದ್ರ ನೀವು ಬರದದ್ದ ಕತಿ ಹೊರಗ ಬರ್ತೈತಿ. ನೀವು ಅಳತಿ ಸಮೇತ ಬರದಿದ್ದು ಭಾಳ ಚೊಲೋ ಆತು, ಅದರಿಂದ ಎಲ್ಲಾ ತಿಳೀತು.

ಮೊದಲ ಲೆಕ್ಕ ಮಾಡೂಣು. ನಿಮಗ ಸಿಕ್ಕ ರೆಸಿಪಿಯೊಳಗ ಒಂದೂವರಿ ಕಪ್ ಅಂತ ಇದ್ದಿರಬೇಕು. ಆ ಕಪ್ಪು ಅಮೇರಿಕಾದ್ದು, 240 ಎಂಎಲ್. ಅಂಥಾ ಒಂದೂವರಿ ಕಪ್ಪಿಗೆ ಗೋಧಿಹಿಟ್ಟು ಹತ್ತತ್ರ 190 ಗ್ರಾಂ ಬರ್ತೈತಿ. ನಮ್ಮ ಮನಿ ವಾಟಗಾ ಅಂದ್ರ 150 ಎಂಎಲ್ ಸುತ್ತಮುತ್ತ ಇರ್ತೈತಿ, ಒಂದೂವರಿ ವಾಟಗಾ ಹಿಟ್ಟು ಅಂದ್ರ 120 ಗ್ರಾಂ ಆದ್ರ ಹೆಚ್ಚು. ಇನ್ನ ಹಣ್ಣು. ಜಿ-9 ಅಂತಾರಲ್ಲ, ಆ ಉದ್ದನ್ನ ದೊಡ್ಡ ಹಣ್ಣು, ಸಿಪ್ಪಿ ಸುಲದ್ರ ಒಂದೊಂದು 120 ಗ್ರಾಂ ತೂಗ್ತೈತಿ, ನಾಲ್ಕಂದ್ರ 480 ಗ್ರಾಂ. ಅಂದ್ರ ಹಿಟ್ಟಿನ ನಾಲ್ಕು ಪಟ್ಟು ಹಣ್ಣು ಆತಲ್ರಿ. ಬೇಕಾಗಿದ್ದು ಒಂದೂವರಿ ಪಟ್ಟು. ಬಾಳೆಹಣ್ಣಿನ್ಯಾಗ ಮುಕ್ಕಾಲು ಭಾಗ ನೀರ ಇರ್ತೈತಿ, ಅಷ್ಟ ನೀರನ್ನ ಆ ಒಂದಿಷ್ಟು ಹಿಟ್ಟು ಹೆಂಗ್ ಹಿಡದೀತು, ನೀವು ಎರಡ ತಾಸು ಇಟ್ಟಿದ್ರೂ ನಡುವ ಹಸೀನ ಇರ್ತಿತ್ತು.

ಅದಕ್ಕ ನಾ ಕಲಿಯಾಕ ಬಂದಾರಿಗೆಲ್ಲಾ ಹೇಳೂದು, ಬನಾನಾ ಬ್ರೆಡ್ಡಿಗೆ ಹಣ್ಣು ಎಣಿಸಬ್ಯಾಡ್ರಿ, ತೂಗ್ರಿ. ಸಣ್ಣ ಯಾಲಕ್ಕಿ ಬಾಳೆಹಣ್ಣಾದ್ರ ಸುಲದಮ್ಯಾಲ 40-50 ಗ್ರಾಂ ಅಷ್ಟ, ಮೂರು ಹಣ್ಣು ಅಂತ ಬರದಿದ್ದಕ್ಕ ಮೂರು ಯಾಲಕ್ಕಿ ಬಾಳೆಹಣ್ಣು ಹಾಕಿದ್ರ ಬ್ರೆಡ್ ಒಣಾ ಒಣಾ ಆಗಿ ಗಂಟಲಾಗ ಸಿಗೋಹಂಗ ಆಗ್ತೈತಿ, ಅದನ್ನೂ ನೋಡೀನಿ. ತಕ್ಕಡಿ ಇಲ್ಲಂದ್ರ ಕಿರಾಣಿ ಅಂಗಡಿಯಾಗ 200 ಗ್ರಾಂ ಹಿಟ್ಟು ತೂಗಿಸ್ಕೊಂಡು ಬಂದು ನಿಮ್ಮ ವಾಟಗಾದಾಗ ಹಾಕಿ ಎಷ್ಟಾಗ್ತೈತಿ ನೋಡಿ ಗುರ್ತು ಮಾಡಿಟ್ಕೊಳ್ರಿ, ಮುಂದ ಯಾವತ್ತೂ ತ್ರಾಸಿಲ್ಲ.

ಎರಡನೇದು, ಹಣ್ಣು ಎಷ್ಟ ಹಣ್ಣಾಗಿತ್ತು ಅಂತ ನೀವು ಬರದಿಲ್ಲ, ಆದ್ರ ಕೆಳಗ ರಬ್ಬರ್ ಗತೆ ಆತು ಅಂದ್ರಲ್ಲ, ಹಂಗಾದ್ರ ಬರೇ ಹಳದಿ ಇದ್ದ ಹಣ್ಣು ಹಾಕಿರಬೇಕು ಅನಸ್ತೈತಿ. ಈ ಬ್ರೆಡ್ ಅಮೇರಿಕಾದ ಮನಿಗೋಳಾಗ ಬಳಕಿಗೆ ಬಂದಿದ್ದು 1930ರ ದಶಕದಾಗ, ಅಲ್ಲಿ ಮಂದಿ ಕೈಯಾಗ ರೊಕ್ಕ ಇಲ್ಲದ ಕಾಲ, ಕರ್ರಗಾದ ಹಣ್ಣನ್ನೂ ಒಗಿಯಾಕ ಮನಸ ಬರ್ತಿದ್ದಿಲ್ಲ, ಅದ ಹೊತ್ತಿಗೆ ಸೋಡಾ, ಬೇಕಿಂಗ್ ಪೌಡರ್ ಎಲ್ಲಾ ಅಂಗಡಿಯೊಳಗೂ ಸಿಗಾಕತ್ತಿದ್ವು. ಹಂಗಾಗಿ ಇದರ ಅಳತಿ ಎಲ್ಲಾ ಕುಂತಿರೂದ ಕರ್ರಗಾದ ಹಣ್ಣಿನ ಮ್ಯಾಲ. ಕಾಯಿ ಇದ್ದಾಗ ಬಾಳ್ಯಾಗ ಪಿಷ್ಟ ತುಂಬಿರ್ತೈತಿ, ಹಣ್ಣಾಗ್ತಾ ಆಗ್ತಾ ಆ ಪಿಷ್ಟಾನ ಸಕ್ಕರಿ ಆಗ್ತೈತಿ. ಅರ್ಧಮರ್ಧ ಹಣ್ಣು ಹಾಕಿದ್ರ ಸಿಹಿ ಸಾಲಂಗಿಲ್ಲ, ವಾಸನಿ ಬರಂಗಿಲ್ಲ, ಉಳದ ಪಿಷ್ಟ ಬೆಂದು ಅಂಟ ಅಂಟ ಆಗ್ತೈತಿ. ಆಮ್ಯಾಲ ಸಿಹಿ ಸಾಲಿಲ್ಲಂತ ಬೆಲ್ಲ ಹೆಚ್ಚ ಹಾಕ್ತೀರಿ, ಅದೂ ನೀರ ಬಿಟ್ಕೊಂತೈತಿ.

ಜಿ-9 ಆದ್ರ ಸಿಪ್ಪಿ ಮ್ಯಾಲ ಅರ್ಧಕ್ಕಿಂತ ಹೆಚ್ಚು ಕರೀ ಚುಕ್ಕಿ ಬಿದ್ದಿರಬೇಕು, ಕೈಯಾಗ ಹಿಡದ್ರ ಒಳಗ ಮೆತ್ತಗ ಸರದಾಡಬೇಕು. ಜವಾರಿ ಹಣ್ಣು, ಯಾಲಕ್ಕಿ ಬಾಳೆಹಣ್ಣಿಗೆ ಸಿಪ್ಪಿ ತೆಳ್ಳಗ, ಅದು ಲಗೂನ ಕರ್ರಗ ಆಗ್ತೈತಿ, ಅಲ್ಲಿ ಬಣ್ಣ ನಂಬಬ್ಯಾಡ್ರಿ, ಮೂಗು ನಂಬ್ರಿ, ಡಬ್ಬಿ ಮುಚ್ಚಳ ತಗದ್ರ ಮನಿ ತುಂಬ ಘಮ್ಮ ಅನ್ನಬೇಕು. ಹುಳಿ ಹೆಂಡದ ವಾಸನಿ ಬಂದ್ರ, ತೊಟ್ಟಿನ ಕಡೆ ಬೂಸ್ಟ ಕಂಡ್ರ ಅದು ಬ್ಯಾಡ, ಹಾಕಬ್ಯಾಡ್ರಿ. ಜನತಾ ಬಜಾರದಾಗ ಸಂಜೀ ಮುಂದ ಹೋದ್ರ ಚುಕ್ಕಿ ಬಿದ್ದ ಹಣ್ಣನ್ನ ಗಾಡಿಯವರು ಕಡಿಮಿಗೆ ಕೊಟ್ಟುಬಿಡ್ತಾರ, ನಮ್ಮ ಧಾರವಾಡ ಸೂಪರ್ ಮಾರ್ಕೆಟ್ಟಿನ್ಯಾಗೂ ನಾ ಹಂಗ ತರೂದು. ಕಾಯಿ ಇದ್ವಂದ್ರ ಅಕ್ಕಿ ಡಬ್ಬಿಯಾಗ ಮುಚ್ಚಿಡ್ರಿ, ಹಣ್ಣು ಬಿಡೋ ಗಾಳಿ ಅಲ್ಲೇ ನಿಂತು ಎರಡ ಮೂರ ದಿನದಾಗ ಹಣ್ಣಾಗ್ತಾವ. ಹೆಚ್ಚಾದ್ರ ಸುಲದು ಡಬ್ಬಿಯಾಗ ಹಾಕಿ ಫ್ರೀಜರಿನ್ಯಾಗ ಇಟ್ಟುಬಿಡ್ರಿ, ಮಾಡೋ ದಿನ ಹೊರಗ ತಗದ್ರ ಕಂದು ನೀರ ಬಿಡ್ತೈತಿ, ನೋಡಾಕ ಹೊಲಸ ಕಾಣತೈತಿ, ಆದ್ರ ಆ ನೀರನ್ಯಾಗ ರುಚಿ ಐತಿ, ಚೆಲ್ಲಬ್ಯಾಡ್ರಿ, ಅದನ್ನೂ ಕೂಡಿಸಿನ 300 ಗ್ರಾಂ ತೂಗ್ರಿ.

ಇನ್ನ ಮಿಕ್ಸರ್. ನೀವು ಹೋಳಿಗಿ ಮಾಡ್ತೀರಲ್ಲ, ಕಣಕ ನಾದಿ ನಾದಿ ಎಣ್ಣಿಯಾಗ ಬಿಟ್ರ ಎಳದಷ್ಟ ಹಿಗ್ಗೋ ಜಿಗಿ ಬರ್ತೈತಿ, ಆ ಜಿಗಿ ಇಲ್ಲಂದ್ರ ಹೋಳಿಗಿ ಹರೀತೈತಿ. ಅದ ಜಿಗಿ ಬನಾನಾ ಬ್ರೆಡ್ಡಿಗೆ ವೈರಿ. ಗೋಧಿಹಿಟ್ಟಿಗೆ ನೀರ ಬಿದ್ದು ತಿರುವಿದ್ರ ಗ್ಲೂಟೆನ್, ಅಂದ್ರ ಆ ಜಿಗಿ, ಹುರಿಗೊಳ್ಳತೈತಿ, ಮಿಕ್ಸರ್ ಬ್ಲೇಡು ಒಂದ್ ನಿಮಿಷದಾಗ ನಿಮ್ಮ ಕೈ ಹತ್ತ ನಿಮಿಷ ನಾದಿದಷ್ಟು ನಾದಿಬಿಡ್ತೈತಿ. ಹಿಟ್ಟನ್ನ ಮಿಕ್ಸರಿಗೆ ಒಟ್ಟ ಹಾಕಬ್ಯಾಡ್ರಿ. ಹಣ್ಣು ಬೇಕಾದ್ರ ಮಿಕ್ಸರಿಗೆ ಹಾಕಬಹುದು ಅಂತ ಹೇಳ್ತಾರ, ನಾ ಅದನ್ನೂ ಹಾಕಂಗಿಲ್ಲ, ಅದು ಹುಡುಗ್ರ ಕೆಲಸ. ನಮ್ಮ ಮೊಮ್ಮಗಳಿಗೆ ಆರು ವರ್ಷ, ಅಕಿಗೆ ಒಂದ್ ಬುಟ್ಟಿಯಾಗ ಹಣ್ಣು, ಕೈಯಾಗ ಫೋರ್ಕ್ ಕೊಟ್ಟು ನೆಲದ ಮ್ಯಾಲ ಕುಂದರಸ್ತೀನಿ, ಮೊದಲ ಫೋರ್ಕಿನಿಂದ ಒತ್ತತಾಳ, ಆಮ್ಯಾಲ ಅದನ್ನ ಒಗದು ಐದೂ ಬೆರಳು ಹಾಕಿ ಹಿಚಕತಾಳ, ಬೆರಳಿನ ಸಂದ್ಯಾಗಿಂದ ಹಣ್ಣು ಹೊರಗ ಬಂದ್ರ ಕಿಲಕಿಲ ನಗತಾಳ. ಅಲ್ಲಲ್ಲಿ ಶೇಂಗಾ ಕಾಳಿನಷ್ಟು ಗಂಟು ಉಳಿದ್ರ ಉಳೀಲಿ, ಬೆಂದಮ್ಯಾಲ ಅವ ಜಾಮಿನ ಗತೆ ಬಾಯಿಗೆ ಸಿಗ್ತಾವ. ತಾ ಹಿಚಕಿದ್ದನ್ನ ಅಕಿ ಯಾವತ್ತೂ ಬ್ಯಾಡ ಅಂದಿಲ್ಲ. ನಿಮ್ಮ ಮಗಳು ತಾಟು ಸರಸಿದ್ಲು ಅಂತ ಓದಿ ನನಗ ಕೆಟ್ಟ ಅನಸ್ತು, ಈ ಸಲ ಅಕಿ ಕೈಲೇನ ಹಣ್ಣು ಹಿಚಕಿಸ್ರಿ.

ಈಗ ಅಳತಿ ಹೇಳ್ತೀನಿ, 8 ಇಂಚು ಉದ್ದ 4 ಇಂಚು ಅಗಲದ ಬ್ರೆಡ್ ಡಬ್ಬಿಗೆ. ಹಿಚಕಿದ ಹಣ್ಣು 300 ಗ್ರಾಂ, ಗೋಧಿಹಿಟ್ಟು 200 ಗ್ರಾಂ, ಬೆಲ್ಲದ ಪುಡಿ 110 ಗ್ರಾಂ, ಗಟ್ಟಿ ಮೊಸರ 60 ಗ್ರಾಂ, ಎಣ್ಣಿ ಇಲ್ಲಾ ಕರಗಿಸಿದ ತುಪ್ಪ 80 ಗ್ರಾಂ, ಬೇಕಿಂಗ್ ಪೌಡರ್ ಒಂದ್ ಟೀ ಚಮಚ, ಅಡಗಿ ಸೋಡಾ ಅರ್ಧಾ ಟೀ ಚಮಚ, ಎರಡನ್ನೂ ಚಮಚದ ಮಟ್ಟಕ್ಕ ಸವರಿ ಹಾಕಬೇಕು, ಗೋಪುರ ಇರಬಾರದು. ಉಪ್ಪು ಕಾಲು ಚಮಚ, ಉಪ್ಪು ಮರೀಬ್ಯಾಡ್ರಿ, ಅದಿಲ್ಲಂದ್ರ ಸಿಹಿ ಸಪ್ಪಗ ಇರ್ತೈತಿ. ನಾಲ್ಕ ಯಾಲಕ್ಕಿ ಕುಟ್ಟಿ ಹಾಕ್ರಿ. ತತ್ತಿ ಇಲ್ಲ ಅನ್ನೂದು ಇಲ್ಲಿ ಕೊರತಿನ ಅಲ್ಲ, ಹಣ್ಣು ಮೊಸರು ಎರಡೂ ಸೇರಿ ಆ ಕೆಲಸ ಮಾಡ್ತಾವ.

ಒಂದ್ ಬುಟ್ಟಿಯಾಗ ಹಣ್ಣು, ಬೆಲ್ಲ, ಮೊಸರು, ಎಣ್ಣಿ ಬೆಲ್ಲ ಕರಗೂತನಕ ಕಲಸ್ರಿ, ಇದನ್ನ ಎಷ್ಟ ಕಲಸಿದ್ರೂ ಚಿಂತಿಲ್ಲ, ಹಿಟ್ಟು ಇನ್ನೂ ಬಿದ್ದಿಲ್ಲ. ಇನ್ನೊಂದರಾಗ ಹಿಟ್ಟು, ಸೋಡಾ, ಪೌಡರ್, ಉಪ್ಪು ಸಾಣಿಸ್ರಿ, ಸಾಣಗಿಯಾಗ ಉಳದ ತೌಡು ಒಗಿಯಬ್ಯಾಡ್ರಿ, ಅದನ್ನೂ ಹಾಕ್ರಿ. ಆಮ್ಯಾಲ ಒಣಾದ್ದನ್ನ ಹಸೀದರಾಗ ಸುರುವಿ ದೊಡ್ಡ ಚಮಚದಿಂದ ತಳದಿಂದ ಮ್ಯಾಲ ಮಗಚ್ರಿ, 12-15 ಸಲ ಅಷ್ಟ. ಒಣಾ ಹಿಟ್ಟು ಕಾಣೂದು ನಿಂತ ಕೂಡ್ಲೇ ಕೈ ಬಿಡ್ರಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಚಮಚದಿಂದ ಧಾರಿ ಬೀಳಬಾರದು, ಧಪ್ ಅಂತ ಬೀಳಬೇಕು. ನಮ್ಮ ಗಿರಣಿ ಹಿಟ್ಟು ಒಂದೊಂದು ಭಾಳ ನೀರ ಕುಡೀತೈತಿ, ಗಟ್ಟಿ ಅನಿಸಿದ್ರ ಎರಡ ಚಮಚ ಹಾಲು ಹಾಕ್ರಿ.

ಸೋಡಾ ಯಾಕ ಅಂದ್ರ ಹಣ್ಣು, ಮೊಸರು, ಬೆಲ್ಲದಾಗ ಸ್ವಲ್ಪ ಸ್ವಲ್ಪ ಹುಳಿ ಐತಿ, ಸೋಡಾ ಅದರ ಜೋಡಿ ಕೂಡಿ ಗಾಳಿ ಬಿಡ್ತೈತಿ. ಬೇಕಿಂಗ್ ಪೌಡರಿನ್ಯಾಗ ಹುಳಿ ಮೊದಲ ಸೇರಿರ್ತೈತಿ, ಅದು ಒಲಿ ಬಿಸಿಗೆ ಇನ್ನೊಂದ್ ಸಲ ಕೆಲಸ ಮಾಡ್ತೈತಿ. ನೀವು ಹಾಕಿದ್ದ ಫ್ರೂಟ್ ಸಾಲ್ಟ್ ನೀರ ತಾಗಿದ ಕೂಡ್ಲೇ ನೊರಿ ಬಂದು ಮುಗದಹೋಗ್ತೈತಿ, ಢೋಕಳಾಕ್ಕ ಅದು ಛಲೋ, ಅಲ್ಲಿ ನೀರ ಮೊದಲ ಕುದಿಯಾಕತ್ತಿರ್ತೈತಿ. ನೀವು ಹಿಟ್ಟು ಕಲಿಸಿಟ್ಟು ಆಮ್ಯಾಲ ಓವನ್ ಹಚ್ಚಿದ್ರಿ, ಅದು ಕಾಯೂದ್ರಾಗ ಗಾಳಿ ಎಲ್ಲಾ ಹಾರಿಹೋತು. ಅದಕ್ಕ ಮೊದಲ ಓವನ್ ಹಚ್ಚರಿ, ಹದಿನೈದು ನಿಮಿಷ ಕಾಯಲಿ, ಡಬ್ಬಿಗೆ ಎಣ್ಣಿ ಸವರಿ ಕಾಗದಾ ಹಾಕಿ ಇಟ್ಕೊಳ್ರಿ, ಕಡೀಕ ಹಿಟ್ಟು ಕೂಡಿಸ್ರಿ. ಸೋಡಾ ಹೆಚ್ಚಾದ್ರ ಚೊಲೋ ಉಬ್ಬತೈತಿ ಅಂತ ಒಂದ್ ಚಮಚ ಸುರುವತಾರ ಕೆಲವರು, ಹಂಗಾದ್ರ ಬಣ್ಣ ಗಾಢ ಆಗಿ ಸಾಬೂನಿನ ಗತೆ ಒಗರು ಬರ್ತೈತಿ, ಹುಡುಗ್ರ ನಾಲಗಿಗೆ ಅದು ಮೊದಲ ತಿಳೀತೈತಿ.

ಬಿಸಿ ವಿಷಯಕ್ಕ ಬಂದ್ರ, 200 ಡಿಗ್ರಿ ಬಿಸ್ಕೀಟಿಗೆ ನಡದೀತು, ಇಂಥಾ ದಪ್ಪ ಹಸಿ ಹಿಟ್ಟಿಗೆ ಅಲ್ಲ. ಓಟಿಜಿ ಅಂತಾರಲ್ಲ, ಆ ಮನಿ ಬಳಕಿ ಸಣ್ಣ ಕರೆಂಟ್ ಓವನ್ನಿನ್ಯಾಗ ಕಾಯೋ ಸರಳು ಡಬ್ಬಿಗೆ ಭಾಳ ಸಮೀಪ ಇರ್ತಾವ, ಮ್ಯಾಲ ಸುಟ್ಟು ತೊಗಲ ಕಟ್ಟತೈತಿ, ಬಿಸಿ ನಡುವಿಗೆ ಹೋಗೂದು ತಡಾ. 170 ಡಿಗ್ರಿ ಇಡ್ರಿ, ಡಬ್ಬಿ ಓವನ್ನಿನ ನಟ್ಟನಡುವ ಬರೋಹಂಗ ಜಾಳಗಿ ಒಂದ್ ಮನಿ ಕೆಳಗ ಹಾಕ್ರಿ, 35 ನಿಮಿಷಕ್ಕ ಬಣ್ಣ ಬಂದಿದ್ರ ಮ್ಯಾಲ ಫಾಯಿಲ್ ಸಡ್ಲ ಹೊದಿಸ್ರಿ, ಒಟ್ಟ 50ರಿಂದ 60 ನಿಮಿಷ ಬೇಕು. ಮೊದಲನೇ 35 ನಿಮಿಷ ಬಾಗಲಾ ತಗೀಬ್ಯಾಡ್ರಿ. ನಾ ಸಣ್ಣಾಕಿ ಇದ್ದಾಗ ಮನ್ಯಾಗಿಂದ ಹಿಟ್ಟು, ತುಪ್ಪ, ಸಕ್ಕರಿ ಒಯ್ದು ಓಣಿ ಬೇಕರಿಯಾಗ ನಾನಕಟಾಯಿ ಮಾಡಿಸ್ಕೊಂಡು ಬರ್ತಿದ್ವಿ, ಭಟ್ಟಿ ಮುಂದ ನಿಂತು ಆತೇನ್ರಿ ಆತೇನ್ರಿ ಅಂತ ಕೇಳಿದ್ರ ಭಟ್ಟಿ ಕಾಕಾ ಬಾಗಲಾ ತಗೀತಿದ್ದಿಲ್ಲ, ಮೂಗು ಮ್ಯಾಲ ಮಾಡಿ ಒಂದ್ ಸಲ ಉಸರ ಎಳದು, ಇನ್ನೂ ಐದ ನಿಮಿಷ ಅಂತಿದ್ರು. ಅದ ಸರಿ. ಬೆಂದ ಹಣ್ಣಿನ ವಾಸನಿ ಅಡಗಿಮನಿ ದಾಟಿ ಪಡಸಾಲಿಗೆ ಬಂದ್ರ ಆಗಾಕ ಬಂದೈತಿ ಅಂತ ತಿಳ್ಕೊಳ್ರಿ. ಆಗ ನಡುವ ಚಾಕು ಚುಚ್ಚಿ ನೋಡ್ರಿ, ಹಸಿ ಹಿಟ್ಟು ಹತ್ತಬಾರದು, ಒಂದೆರಡು ಒದ್ದಿ ಪುಡಿ ಹತ್ತಿದ್ರ ನಡೀತೈತಿ. ಚಾಕು ಹಣ್ಣಿನ ಗಂಟಿಗೆ ತಾಗಿದ್ರ ಹಸಿ ಕಂಡೀತು, ಇನ್ನೊಂದ್ ಕಡೆ ಚುಚ್ಚಿ ನೋಡ್ರಿ. ನಡುವ ಕರೆಂಟ್ ಹೋದ್ರ ಗಾಬರಿ ಆಗಬ್ಯಾಡ್ರಿ, ಬಾಗಲಾ ಮುಚ್ಚೇ ಇರಲಿ, ಒಳಗಿನ ಬಿಸಿ ಒಂದ್ಹತ್ತು ನಿಮಿಷ ಕೈ ಹಿಡೀತೈತಿ. ಅರ್ಧಾ ತಾಸು ಬರಲಿಲ್ಲಂದ್ರ ಆ ಉದ್ದನ್ನ ಡಬ್ಬಿ ಹಿಡಸೋ ದಪ್ಪ ಪಾತೇಲಿ ತಗೊಂಡು, ಕೆಳಗ ಹೇಳೋ ಕುಕ್ಕರಿನ ಪದ್ಧತಿಲೇ ಇಡ್ರಿ.

ನಿಮ್ಮ ನಾದಿನಿಗೆ ಹೇಳ್ರಿ, ಕುಕ್ಕರಿನ್ಯಾಗ ಚೊಲೋ ಆಗ್ತೈತಿ. ಹೊಸಾ ಕುಕ್ಕರ್ ಬ್ಯಾಡ, ಒಣಾ ಬಿಸಿಗೆ ಅದು ಕೆಡ್ತೈತಿ, ದಪ್ಪ ತಳದ ಹಳೇದು ಇಲ್ಲಾ ದಪ್ಪ ಹಿತ್ತಾಳಿ ಪಾತೇಲಿ ತಗೋಬೇಕು. ರಬ್ಬರು, ಶಿಟ್ಟಿ ಎರಡೂ ತಗೀಬೇಕು, ಇದು ಮಾತ್ರ ಮರೀಬಾರದು, ಹನಿ ನೀರೂ ಇರಬಾರದು. ತಳಕ್ಕ ಒಂದ್ ಇಂಚು ಹಳಕುಪ್ಪು ಹಾಸಿ, ಅದರ ಮ್ಯಾಲ ಸಣ್ಣ ಸ್ಟ್ಯಾಂಡ್ ಇಟ್ಟು ಮುಚ್ಚಿ, ನಡುಮಟ್ಟದ ಉರಿಯಾಗ ಹತ್ತ ನಿಮಿಷ ಕಾಯಿಸಬೇಕು. ಡಬ್ಬಿ ಇಟ್ಟಮ್ಯಾಲ ಸಣ್ಣ ಉರಿ, 50 ನಿಮಿಷದಿಂದ ಒಂದ್ ತಾಸು. ಕುಕ್ಕರಿಗೆ ಉದ್ದನ್ನ ಡಬ್ಬಿ ಹಿಡಸಂಗಿಲ್ಲ, 6-7 ಇಂಚಿನ ದುಂಡನ್ನ ಡಬ್ಬಿ ಸಾಕು, ಡಬ್ಬಿ ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಬಂದ್ರ ನಿಲ್ಲಸ್ರಿ, ಉಬ್ಬಾಕ ಜಾಗಾ ಬೇಕು. ಮ್ಯಾಲ ಓವನ್ನಿನಂಥಾ ಬಣ್ಣ ಬರಂಗಿಲ್ಲ, ರುಚಿಗೆ ಏನೂ ಕಡಿಮಿ ಇಲ್ಲ. ಆ ಉಪ್ಪು ಮತ್ತ ಅಡಗಿಗೆ ಬರಂಗಿಲ್ಲ, ಡಬ್ಬಿಯಾಗ ತುಂಬಿ ಇಟ್ರ ಮುಂದಿನ ಸಲಕ್ಕೂ ಅದ ಆಗ್ತೈತಿ.

ಹಿಟ್ಟಿನ ಬಗ್ಗೆ ಒಂದ್ ಮಾತು, ನನಗ ಭಾಳ ಪ್ರೀತಿ ಇರೋ ವಿಷಯ ಇದು. ನಮ್ಮ ಕಡೆ ಹುಗ್ಗಿಗೆ ಹಾಕೋ ಸದಕ ಗೋಧಿ ಐತಲ್ಲ, ಖಪ್ಲಿ ಅಂತಾನೂ ಅಂತಾರ, ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ-1025, ಡಿಡಿಕೆ-1029 ಅಂತ ಅದರ ತಳಿ ಬಿಟ್ಟಾರ. ಸದಕದಾಗ ಜಿಗಿ ಕಡಿಮಿ, ಹೋಳಿಗಿಗೆ ಅದು ಅಡ್ಡಿ, ಇಲ್ಲಿ ಅದ ಉಪಕಾರ. 200 ಗ್ರಾಮಿನ್ಯಾಗ 100 ಗ್ರಾಂ ಸದಕದ ಹಿಟ್ಟು ಹಾಕಿ ನೋಡ್ರಿ, ಕೊಯ್ದ ತುಣುಕು ಮೆತ್ತಗ, ಪುಡಿ ಪುಡಿ, ಹುರದ ಗೋಧಿ ವಾಸನಿ ಬರ್ತೈತಿ. ಗಿರಣಿಯಾಗ ಸಣ್ಣಗ ಬೀಸಿಸ್ಬೇಕು. ಜ್ವಾಳದ ಹಿಟ್ಟು 50 ಗ್ರಾಂ ತನಕ ಸೇರಿಸಬಹುದು, ಅದರಕಿಂತ ಹೆಚ್ಚಾದ್ರ ಬ್ರೆಡ್ ಉದುರತೈತಿ.

ಬೆಲ್ಲ ಹಾಕಿದ್ರ ಸಕ್ಕರಿ ಇಲ್ದಂಗ ಅಂತ ತಿಳ್ಕೊಂಡೀರಿ ಅನಸ್ತೈತಿ. ಬೆಲ್ಲಾನೂ ಸಕ್ಕರಿನ, ರುಚಿ ಬ್ಯಾರೆ, ಬ್ರೆಡ್ ಲಗೂ ಒಣಗಂಗಿಲ್ಲ, ಅದಕ್ಕ ನಾ ಹಾಕೂದು. ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳೇತಿ, ದಿನದ ಒಟ್ಟ ಕ್ಯಾಲರಿಯಾಗ ಮ್ಯಾಲಿಂದ ಹಾಕಿದ ಸಕ್ಕರಿ 10 ಪರ್ಸೆಂಟ್ ಒಳಗ ಇರಬೇಕು, 5ಕ್ಕಿಂತ ಕಡಿಮಿ ಆದ್ರ ಇನ್ನೂ ಚೊಲೋ ಅಂತ. ದಿನಕ್ಕ 1,600 ಕ್ಯಾಲರಿ ತಿನ್ನೋ ಹುಡುಗಗ ಅದು 40 ಗ್ರಾಂ, ಕಡಿಮಿ ಲೆಕ್ಕಕ್ಕ 20 ಗ್ರಾಂ. ಮ್ಯಾಲಿನ ಅಳತಿಯಾಗ ಹತ್ತ ತುಣುಕು ಮಾಡಿದ್ರ ಒಂದರಾಗ 11 ಗ್ರಾಂ ಬೆಲ್ಲ. ಅದಕ್ಕ ಒಂದ್ ತುಣುಕು, ಒಂದ್ ಲೋಟ ಹಾಲು, ಹಾಲಿಗೆ ಮತ್ತ ಸಕ್ಕರಿ ಬ್ಯಾಡ. ಇಲ್ಲಾ ತುಣುಕಿನ ಮ್ಯಾಲ ಬೆಣ್ಣಿ, ಇಲ್ಲಾ ಜೋಡಿ ಒಂದ್ ಮುಟಗಿ ಹುರದ ಶೇಂಗಾ. ಎರಡ ತುಣುಕು ಕೊಟ್ರ ಎಂಟಕ್ಕ ರೊಟ್ಟಿ ಊಟ ಬ್ಯಾಡ ಅಂತಾರ. ಹಣ್ಣು ಭಾಳ ಸಿಹಿ ಇದ್ರ ಬೆಲ್ಲ 80 ಗ್ರಾಮಿಗೆ ಇಳಸ್ರಿ, ಒಮ್ಮಿಗೇ ಅಲ್ಲ, ಸಲಕ್ಕ ಹತ್ತ ಹತ್ತ ಗ್ರಾಂ, ನಾಲಗಿಗೆ ತಿಳಿಯಂಗಿಲ್ಲ. ವಾರಕ್ಕ ಎರಡ ದಿನ ಇದು, ಉಳದ ದಿನ ಒಗ್ಗರಣಿ ಅವಲಕ್ಕಿ, ಗಿರ್ಮಿಟ್, ಶೇಂಗಾ ಉಂಡಿ ಅದಾವಲ್ರಿ, ಅವನ್ನ ಬಿಡಿಸಿ ಇದನ್ನ ಕೊಡೂದು ಬ್ಯಾಡ, ಬಿಡಿಸಬೇಕಾಗಿದ್ದು ಕ್ರೀಮ್ ಬಿಸ್ಕೀಟು. ಹಿಟ್ಟಿನ್ಯಾಗ ಅಕ್ರೋಟ, ಶೇಂಗಾ ಹಾಕೋರು ಮನ್ಯಾಗ ಐದ ವರ್ಷದೊಳಗಿನ ಕೂಸು ಇದ್ರ ಇಡೀ ಕಾಳು ಹಾಕಬಾರದು, ಗಂಟಲಾಗ ಸಿಗ್ತಾವ, ಕುಟ್ಟಿ ಪುಡಿ ಮಾಡಿ ಹಾಕ್ರಿ.

ಓವನ್ನಿಂದ ತಗದಮ್ಯಾಲ ಹತ್ತ ನಿಮಿಷ ಡಬ್ಬಿಯಾಗ, ಆಮ್ಯಾಲ ಹೊರಗ ತಗದು ಒಂದ್ ತಾಸು ಆರಬೇಕು. ಬಿಸಿ ಇದ್ದಾಗ ಕೊಯ್ದ್ರ ಒಳಗಿನ ಉಗಿ ಇನ್ನೂ ಕುಂತಿರಂಗಿಲ್ಲ, ಬ್ರೆಡ್ ಚಾಕುಗ ಅಂಟಿ ಹಸಿ ಇದ್ದಂಗ ಕಾಣತೈತಿ, ನೀವು ಹಸಿ ಅಂದಿದ್ರಾಗ ಅರ್ಧಾ ಇದೂ ಇದ್ದೀತು. ಹುಡುಗ್ರು ಬರೋ ಹೊತ್ತಿಗೆ ಬಿಸಿ ಬಿಸಿ ಮಾಡಾಕ ಹೋಗಬ್ಯಾಡ್ರಿ, ಹಿಂದಿನ ರಾತ್ರಿ ಮಾಡ್ರಿ, ಮರುದಿನ ಹಣ್ಣಿನ ವಾಸನಿ ಇನ್ನೂ ಚೊಲೋ ಕೂಡಿರ್ತೈತಿ. ಬ್ಯಾಸಗಿ, ಚಳಿಗಾಲದಾಗ ಹೊರಗ ಎರಡ ದಿನ, ನಮ್ಮ ಜಡಿ ಮಳಿಯಾಗ ಒಂದ ದಿನ, ಆಮ್ಯಾಲ ಫ್ರಿಜ್. ಆಯಿತವಾರ ಎರಡು ಮಾಡಿ ಒಂದನ್ನ ಕೊಯ್ದು ತುಣುಕಿನ ನಡುವ ಕಾಗದಾ ಹಾಕಿ ಫ್ರೀಜರಿನ್ಯಾಗ ಇಟ್ರ ಒಂದ್ ತಿಂಗಳು ಬರ್ತೈತಿ. ಹುಡುಗ್ರು ಬೂಟು ಬಿಚ್ಚಿ ಕೈಕಾಲು ತೊಳಕೊಂಡು ಬರೂದ್ರಾಗ ಹಂಚು ಕಾಯಿಸಿ, ಒಂದ್ ಹನಿ ತುಪ್ಪ ಬಿಟ್ಟು, ತುಣುಕನ್ನ ಎರಡೂ ಕಡೆ ಒಂದೊಂದು ನಿಮಿಷ ಸಣ್ಣ ಉರಿಯಾಗ ಬಿಸಿ ಮಾಡ್ರಿ, ಫ್ರೀಜರಿಂದ ಸೀದಾ ತಗದದ್ದಾದ್ರ ಮ್ಯಾಲೊಂದು ತಾಟು ಮುಚ್ಚಿ ಎರಡೆರಡು ನಿಮಿಷ. ಅಂಚು ಗರಿಗರಿ ಆಗಿ ಬೆಲ್ಲ ಸ್ವಲ್ಪ ಕೆಂಪಾಗಿ ಪಾಕದ ವಾಸನಿ ಬಂದ ಕೂಡ್ಲೇ ತಗೀರಿ, ಬೆಲ್ಲ ಇರೂದರಿಂದ ಅದರ ಮುಂದ ಒಂದ್ ಚಣದಾಗ ಹೊತ್ತತೈತಿ.